ನುಂಗಿದ ಅಕ್ಷರ

“ಏನಂದ? ಪೂರ್ತಿ ಹೇಳೇ,” ಎಂದು ಅತ್ತೆ ಸೊಸೆಯ ತೋಳು ಹಿಡಿದು ಅಲುಗಿಸಿದಳು.

ಸೊಸೆಯ ಕಿವಿಗೆ ಬಿದ್ದದ್ದು ಮೂರೇ ಪದ. ‘ಇಲ್ ಸೂಫ್ರ್ ಪ್ಲು.’ ಮಿಕ್ಕಿದ್ದೆಲ್ಲ ಆ ಮನುಷ್ಯನ ಅಳುವಿನಲ್ಲಿ ಕಲಸಿಹೋಗಿತ್ತು. ಅಷ್ಟರಲ್ಲಿ ಫೋನೂ ಕಟ್ಟಾಯಿತು. ‘ಇಲ್’ ಎಂದರೆ ಅವನು. ‘ಸೂಫ್ರ್’ ಎಂದರೆ ನರಳುತ್ತಾನೆ. ‘ಪ್ಲು’ ಎಂದರೆ ಹೆಚ್ಚು, ಅದು ಮೊದಲ ವಾರವೇ ಕಲಿತ ಪದ.

“ನೋವು ಜಾಸ್ತಿ ಆಗಿದೆಯಂತೆ ಅತ್ತೆ.”

ಗಂಡ ಆ ಫ್ರೆಂಚರ ನಾಡಿನಲ್ಲಿ ಎತ್ತರದ ಕಟ್ಟಡಗಳಿಗೆ ಬಣ್ಣ ಬಳಿಯುವವನು. ಸಾರವೆಯಿಂದ ಬಿದ್ದು ಒಂಬತ್ತು ದಿನವಾಗಿತ್ತು. ಸುದ್ದಿ ಹೇಳುತ್ತಿದ್ದವನು ಅವನ ಜೊತೆ ಕೋಣೆ ಹಂಚಿಕೊಂಡಿದ್ದ ಅಡುಗೆಯವನು. ಪಾಪ, ಅವನಿಗೆ ಫ್ರೆಂಚ್ ಬಿಟ್ಟು ಬೇರೆ ಭಾಷೆ ಬಾರದು. ಈ ಮನೆಯಲ್ಲಿ ಆ ಭಾಷೆ ಬರುತ್ತಿದ್ದುದು ಸೊಸೆಗೊಬ್ಬಳಿಗೇ.

ಬರುತ್ತಿತ್ತು ಎನ್ನುವುದೂ ದೊಡ್ಡ ಮಾತೇ. ಗಂಡನ ಬಳಿಗೆ ಹೋಗಲು ಮಧ್ಯಮ ಹಂತದ ಪರೀಕ್ಷೆ ಪಾಸಾಗಬೇಕಿತ್ತು. ಕಲಿಸುವವರಿಲ್ಲ. ಹಳೆಯ ಪುಸ್ತಕವೊಂದನ್ನು ಮುಂದಿಟ್ಟುಕೊಂಡು ಎರಡು ವರ್ಷ ಒಬ್ಬಳೇ ಗುದ್ದಾಡಿದ್ದಳು. ಗಾರ್ಮೆಂಟ್ಸಿನಲ್ಲಿ ಕಾಲರ್ ಹೊಲಿಯುತ್ತ, ಮಿಷನ್ನಿಗೆ ಅಂಟಿಸಿಕೊಂಡ ಚೀಟಿಯಿಂದ ಕ್ರಿಯಾಪದಗಳನ್ನು ಉರುಹೊಡೆದಿದ್ದಳು. ಪುಸ್ತಕದ ಜೊತೆ ಇರಬೇಕಾಗಿದ್ದ ಸಿ.ಡಿ. ಯಾವಾಗಲೋ ಕಳೆದುಹೋಗಿತ್ತು. ಹಾಗಾಗಿ ಕಣ್ಣಿಗೆ ಬಂದ ಭಾಷೆ ಕಿವಿಗೆ ಬಂದಿರಲಿಲ್ಲ. ಪದದ ಕೊನೆಯ ‘ಸ್’ ಅನ್ನು ಉಚ್ಚರಿಸಬಾರದು ಎಂಬ ನಿಯಮವೊಂದನ್ನು ಮಾತ್ರ ಗಟ್ಟಿಯಾಗಿ ಹಿಡಿದುಕೊಂಡಿದ್ದಳು. “ನಮ್ಮನೆ ಪಂಡಿತೆ ಇನ್ನು ಹಾಲಿನವನ ಹತ್ರ ಜಗಳ ಆಡೋದೂ ಫ್ರೆಂಚಲ್ಲೇ,” ಎಂದು ಮಾವ ರೇಗಿಸುತ್ತಿದ್ದರು. ಈಗ ಅವರು ಒಳಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದರು.

“ಜಾಸ್ತಿ ಆಗಿದ್ರೆ ಸುಮ್ಮನೆ ಕೂತಿರ್ತಾರಾ? ಔಷಧಿ ಕೊಡಿ ಅನ್ನು. ನೀನು ಕಲಿತಿದ್ದು ಯಾತಕ್ಕೆ ಮತ್ತೆ?” ಎಂದಳು ಅತ್ತೆ.

ಸೊಸೆ ಕಾಗದ ಎಳೆದುಕೊಂಡು ಬರೆದಳು. ಹೊಡೆದುಹಾಕಿ ಮತ್ತೆ ಬರೆದಳು. ನೋವು ಕಡಿಮೆಯಾಗುವಂಥದ್ದೇನಾದರೂ ಅವರಿಗೆ ಕೊಡಲಿ ಎಂದು ಡಾಕ್ಟರಿಗೆ ದಯವಿಟ್ಟು ಹೇಳಿ. ‘ಕೊಡಲಿ’ ಎನ್ನುವ ಆ ರೂಪ ತಲೆಗೆ ಹತ್ತಲು ಅವಳಿಗೆ ಮೂರು ತಿಂಗಳು ಹಿಡಿದಿತ್ತು. ನಾಚಿಕೆಗೇಡು, ಆದರೂ ನಿಜ: ಫೋನ್ ಮಾಡಿ ಅದನ್ನು ತಡವರಿಸದೆ ಹೇಳಿ ಮುಗಿಸಿದಾಗ ಅವಳಿಗೆ ಎಳ್ಳಷ್ಟು ಹೆಮ್ಮೆಯೂ ಆಯಿತು.

ಆ ಕಡೆಯಿಂದ ಅಡುಗೆಯವನು ಮಗುವಿಗೆ ಹೇಳಿಕೊಡುವಂತೆ ಒಂದೊಂದೇ ಪದ ಬಿಡಿಸಿ ಹೇಳಿದ.

“ಇಲ್. ನ. ಸೂಫ್ರ್. ಪ್ಲು.”

ಈ ಸಲ ನಾಲ್ಕು ಪದ. ಪುಸ್ತಕದಲ್ಲಿ ಎಂದೂ ತಪ್ಪದ ಆ ‘ನ’ವನ್ನು ಮಾತಾಡುವಾಗ ಜನ ನುಂಗಿಬಿಡುತ್ತಾರೆಂದು, ಹೆಚ್ಚು ಎನ್ನುವಾಗ ಕೊನೆಯ ‘ಸ್’ ಬಿಡದೆ ‘ಪ್ಲುಸ್’ ಎನ್ನುತ್ತಾರೆಂದು ಅವಳಿಗೆ ಯಾರು ಹೇಳಬೇಕಿತ್ತು? ‘ನ’ ಸೇರಿದರೆ ‘ಪ್ಲು’ ಹೆಚ್ಚು ಅಲ್ಲ, ಇನ್ನಿಲ್ಲ. ಅವನು ಇನ್ನು ನರಳುವುದಿಲ್ಲ. ಆ ಪಾಠದ ಅಭ್ಯಾಸದಲ್ಲಿ ಅವಳು ಒಂದೂ ತಪ್ಪು ಮಾಡಿರಲಿಲ್ಲ.

ಆ ಮನುಷ್ಯ ಅಳುತ್ತಿದ್ದುದು ಯಾಕೆಂದು ಈಗ ಅವಳಿಗೆ ಗೊತ್ತಾಯಿತು.

“ಏನಂತೆ? ಔಷಧಿ ಕೊಡಿಸ್ತಾನಂತಾ?”

“ಬೇಡವಂತೆ ಅತ್ತೆ.” ತಿಳಿಸಿ ಹೇಳಬೇಕೆಂದೇ ಬಾಯಿ ತೆರೆದಳು. ಹೊರಬಿದ್ದದ್ದು ಅಡುಗೆಯವನ ಮಾತೇ. “ಇನ್ನು ನೋವಿಲ್ವಂತೆ.”

ಅತ್ತೆ ಎರಡೂ ಕೈಯಿಂದ ಮುಖ ಒರೆಸಿಕೊಂಡಳು.

“ಅಬ್ಬಾ, ಹೋದ ಜೀವ ಬಂದಂಗಾಯ್ತು. ರೀ, ಕೇಳಿಸ್ತಾ? ಅವನಿಗೆ ನೋವು ನಿಂತಿದೆಯಂತೆ. ಏಳಿ, ಬೆಳಗಿಂದ ಒಂದು ತೊಟ್ಟು ನೀರೂ ಕುಡಿದಿಲ್ಲ ನೀವು.”

ಒಳಗೆ ಮಂಚ ಕಿರುಗುಟ್ಟಿತು. ಸೊಸೆಯ ಕೈಯಲ್ಲಿದ್ದ ಫೋನು ಇನ್ನೂ “ಅಲೋ, ಅಲೋ,” ಎನ್ನುತ್ತಿತ್ತು. ಅತ್ತೆ ಮೂರು ತಟ್ಟೆ ಹಾಕಿ, ಮೊದಲು ಅವಳಿಗೇ ಬಡಿಸಿದಳು.