ಎರಡು ಸಲ ಹೊಡೆದ ಗಂಟೆ

ಟಿಣ್ — ಬಂತು, ಬಂದೇಬಿಟ್ಟಿತು, ಅಲ್ಲ, ಇದು ನಾನೇ ನನಗೆ ಕಳಿಸಿಕೊಂಡ ಇಮೇಲ್, ಪರೀಕ್ಷೆ ಮೂರು, ಪಕ್ಕದ ಕೋಣೆಯಲ್ಲಿ ಕುರ್ಚಿ ಕಿರುಗುಟ್ಟಿತು, ತಮ್ಮ ಎದ್ದ, ಅಕ್ಕಾ, ಆಸ್ಪತ್ರೆಯವ್ರದಾ, ಅಲ್ಲ ಕಣೋ, ಗಂಟೆ ಹೊಡಿಯುತ್ತಾ ಅಂತ ನೋಡ್ತಿದೀನಿ, ಕೂತ್ಕೋ — ಕೂತ, ಬ್ಯಾಗು ತೊಡೆಯ ಮೇಲೆ, ಬೂಟು ಕಾಲಲ್ಲಿ, ಬೆಳಗ್ಗೆ ಕೈ ನಡುಗಿ ಲೇಸು ಕಟ್ಟಲಾಗದೆ ಕಾಲು ಮುಂದೆ ಚಾಚಿದ, ಮೂವತ್ತನಾಲ್ಕರ ಗಂಡಸು, ಒಂದನೇ ಕ್ಲಾಸಿನಲ್ಲಿ ಚಾಚುತ್ತಿದ್ದ ಹಾಗೇ, ಬಗ್ಗಿ ಕಟ್ಟಿದೆ, ಎರಡೆರಡು ಗಂಟು, ಬಿಗಿಯಾಗಿ. ಕುಡಿಯದೆ ಮೂರು ದಿನ. ಇವತ್ತೇ ಕರ್ಕೊಂಡ್ಹೋಗು ಅಕ್ಕಾ, ನಾಳೆ ನನ್ನ ಮೇಲೆ ನಂಗೇ ನಂಬಿಕೆ ಇಲ್ಲ. ಹಾಸಿಗೆ ಬೇಕಲ್ಲಪ್ಪ, ಕುಡಿತ ಬಿಡಿಸುವ ವಾರ್ಡಿನಲ್ಲಿ ಇರುವುದೇ ಹನ್ನೆರಡು, ಖಾಲಿಯಾದರೆ ಇಮೇಲ್ ಹಾಕ್ತೀವಿ, ಅರ್ಧ ಗಂಟೆಯೊಳಗೆ ಹ್ಞೂಂ ಅನ್ನಿ, ಎರಡು ಸಲ ತಪ್ಪಿದ್ರೆ ಪಟ್ಟಿಯ ಬುಡಕ್ಕೆ, ಮೂರು ತಿಂಗಳಾಗಬಹುದು, ಅಂದಿದ್ದಳು ನರ್ಸಮ್ಮ, ಒಂದು ಸಲ ಹೋದ ವಾರವೇ ತಪ್ಪಿತು, ಕಂಪ್ಯೂಟರು ಗಂಟೆಗೊಮ್ಮೆ ಮಾತ್ರ ಪತ್ರ ಇದೆಯಾ ಎಂದು ಸರ್ವರನ್ನು ಕೇಳಿಬರುವ ಹಾಗೆ ಇಟ್ಟಿದ್ದೆ, ಕೆಲಸದ ನಡುವೆ ಟಿಣ್ ಟಿಣ್ ಯಾರಿಗೆ ಬೇಕು ಅಂತ. ಫೋನಿಗೆ ಬರೋ ಹಾಗೆ ಮಾಡ್ಕೊಳ್ಳೇ ಅಂದಳು ಆಫೀಸಿನ ಗೆಳತಿ, ಕೇಳಿದೆನೇ, ಹದಿನೈದು ವರ್ಷ ಸರ್ವರ್ ಕಾದವಳಿಗೆ ಚಿತ್ರವಿಲ್ಲದ, ಬರೀ ಅಕ್ಷರದ ಈ ಕಪ್ಪು ಪರದೆಯೇ ಸಾಕೆಂಬ ಜಂಬ. ಈಗ ಬದಲಿಸಿದ್ದೇನೆ, ನಾವು ಕೇಳಬೇಕಿಲ್ಲ, ಪತ್ರ ಬಂದ ಕ್ಷಣವೇ ಸರ್ವರೇ ಕೂಗಿ ಹೇಳುತ್ತದೆ, ಇನ್ನೊಂದು ಸಲ ನೋಡಿಬಿಡೋಣ, ಪರೀಕ್ಷೆ ನಾಲ್ಕು, ಕಳಿಸಿದೆ — ಟಿಣ್, ಟಿಣ್.

ಎರಡು ಸಲ. ಒಂದು ಪತ್ರಕ್ಕೆ ಎರಡು ಗಂಟೆಯೇ, ಗಂಟೆ ಹೊಡಿ ಎಂಬ ಆಜ್ಞೆಯನ್ನು ಎಲ್ಲೋ ಎರಡು ಕಡೆ ಬರೆದಿದ್ದೇನೆ, ಇಮೇಲ್ ಪೆಟ್ಟಿಗೆ ಮುಚ್ಚು, ಆಜ್ಞೆಯ ಸಾಲುಗಳನ್ನು ನೋಡು, ಇಲ್ಲ, ಒಂದೇ ಕಡೆ ಇದೆ, ಹಾಗಾದರೆ ಸರ್ವರಿನದೇ ತಪ್ಪು, ಕುಣಿಯಲಾರದವಳಿಗೆ ನೆಲ ಡೊಂಕು, ಅಕ್ಕಾ, ಎರಡ್ ಸಲ ಹೊಡೀತು, ಗೊತ್ತು ಕಣೋ, ಅದನ್ನೇ ಸರಿ ಮಾಡ್ತಿದೀನಿ, ಸುಮ್ನಿರು, ತೆರೆ, ಮುಚ್ಚು, ಪರೀಕ್ಷೆ ಐದು, ಟಿಣ್, ಒಂದೇ, ಆರು, ಒಂದೇ, ಮತ್ತೆ ಆಗ ಯಾಕೆ ಎರಡು, ಸರಿಯಾಗಿ ತಿಳಿಯದೆ ಬಿಟ್ಟರೆ ನನ್ನ ಜೀವಕ್ಕೆ ಸಮಾಧಾನವಿಲ್ಲ, ಹಳೇ ಸಾಲು ಕಿತ್ತು ಹೊಸದಾಗಿ ಬರೆದೆ, ಏಳು, ಎಂಟು, ಟಿಣ್, ಟಿಣ್ ಅಲ್ಲ, ಬರೀ ಟಿಣ್. ಗೆದ್ದೆ. ಹತ್ತು ಐವತ್ತೆರಡು. ಇನ್ನು ಪರೀಕ್ಷೆಗಳನ್ನೆಲ್ಲ ಅಳಿಸಿ ಕೂತರೆ ಆಯಿತು, ನಿಜವಾದದ್ದು ಬಂದರೆ ಒಂದೇ ಕಾಣಲಿ, ಎಂಟು ಅಳಿಸು, ಏಳು, ಆರು, ಐದು — ಇದು ಯಾವುದು, ಇದರಲ್ಲಿ ಪರೀಕ್ಷೆ ಎಂದಿಲ್ಲ. ಹಾಸಿಗೆ ಲಭ್ಯವಿದೆ. ಬಂದದ್ದು ಹತ್ತು ಹದಿನಾಲ್ಕಕ್ಕೆ, ಆ ಎರಡನೇ ಟಿಣ್. ಪಕ್ಕದಲ್ಲಿ ಹೊಸದು ಎಂಬ ಗುರುತೂ ಇಲ್ಲ, ಪೆಟ್ಟಿಗೆ ತೆರೆದು ಮುಚ್ಚಿ ತೆರೆದು ಮುಚ್ಚಿ ನಾನೇ ಅದನ್ನು ಓದದೆಯೇ ಹಳೆಯದು ಮಾಡಿದ್ದೇನೆ. ಮೂವತ್ತೆಂಟು ನಿಮಿಷ. ಉತ್ತರ ಬರೆಯುತ್ತೇನೆ, ಹ್ಞೂಂ, ಹೊರಟೆವು, ದಯವಿಟ್ಟು, ಟಿಣ್, ನರ್ಸಮ್ಮ, ಒಂದೇ ಸಾಲು, ಬೇರೆಯವರಿಗೆ ಕೊಟ್ಟಾಯಿತು, ಅಕ್ಕಾ, ಈಗ ಬಂದಿದ್ದು ಅವ್ರದಾ, ಬಾಗಿಲಲ್ಲಿ ನಿಂತಿದ್ದಾನೆ, ಮುಖ ನೋಡಲಾರೆ, ಕೆಳಗೆ ನೋಡುತ್ತೇನೆ, ಬೂಟು, ಲೇಸು, ನಾನೇ ಕಟ್ಟಿದ್ದು, ಎರಡೆರಡು ಗಂಟು