ಹೆಬ್ಬೆರಳಿನ ಅಳತೆ

"ಮಣ್ಣು ಹಾಕಬ್ಯಾಡ್ರಿ!"

ಕುಣಿಯ ಅಂಚಿನಲ್ಲಿ ಕುಳಿತಿದ್ದ ದೇವವ್ವ, ಮೈದುನ ಪರಶಪ್ಪ ಎತ್ತಿದ ಸಲಿಕೆಯನ್ನು ಎರಡೂ ಕೈಯಿಂದ ಹಿಡಿದುಬಿಟ್ಟಳು. ಕುಣಿಯೊಳಗೆ ಅವಳ ಗಂಡ, ನರೇಗಲ್ಲಿನ ಕಮ್ಮಾರ ಗ್ಯಾನಪ್ಪ, ಬಿಳಿಯ ಧೋತರ ಹೊದ್ದು ಮಲಗಿದ್ದ. ಎರೆಹೊಲದ ಬದುವಿನ ಮೇಲೆ ನಿಂತ ಜನ ಪಡುವಣದತ್ತ ನೋಡಿದರು. ಹೊತ್ತು ಮುಳುಗುವ ಮೊದಲು ಮಣ್ಣು ಮುಗಿಯಬೇಕು.

"ಯಾರ ಹಾದಿ ಕಾಯಾಕತ್ತೀ ತಂಗಿ?" ಹಿರಿಯ ಈಶಪ್ಪ ಮೆಲ್ಲಗೆ ಕೇಳಿದ.

"ಗಜೇಂದ್ರಗಡದ ನಿಜಾಮುದ್ದೀನಣ್ಣಂದ್ರಿ. ಅವರು ಮೂರು ಹಿಡಿ ಹಾಕಬೇಕು, ಆಮ್ಯಾಲೆ ಉಳಿದವ್ರು. ಉಸಿರು ನಿಲ್ಲೂಮುಂದ ಇವರು ನನ್ನ ಕಡಿಂದ ಭಾಷೆ ತಗೊಂಡಾರ."

ಪರಶಪ್ಪನಿಗೆ ಸಿಟ್ಟು ಬಂತು. "ವೈನಿ, ಮುಂಜಾನಿನ ಹೋಗಿ ಹೇಳಿ ಬಂದೇನಿ. ಸೈಕಲ್ ಅಂಗಡ್ಯಾಗ ಪಂಕ್ಚರ್ ತಿದ್ದಾಕತ್ತಿದ್ದ. ಕೇಳಿಸಿಕೊಂಡ. ಹೂಂ ಅನಲಿಲ್ಲ, ಊಹೂಂ ಅನಲಿಲ್ಲ."

"ಚಹಾ ಕೊಟ್ಟನೇನು?" ನೆರೆಮನೆಯ ಮುದುಕಿ ಮಾನವ್ವ ಕೇಳಿದಳು.

"ಕೊಟ್ಟ."

"ಹಂಗಾರ ಬರ್ತಾನ ತಗೋ. ಪೂರಾ ಸಿಟ್ಟಿದ್ದಂವ ಚಹಾ ಕೊಡೂದಿಲ್ಲ."

"ಇಕಿಗೆ ಕುಣಿ ಮುಂದನೂ ಚಹಾದ್ದ ಚಿಂತಿ," ಎಂದು ಯಾರೋ ಗೊಣಗಿದರು. ಈಶಪ್ಪ ಸಲಿಕೆಯನ್ನು ಪರಶಪ್ಪನ ಕೈಯಿಂದ ತೆಗೆದು ನೆಲಕ್ಕೆ ಮಲಗಿಸಿದ.

*

ಅದು ಎಂಟು ವರ್ಷದ ಹಿಂದಿನ ಮಾತು, ನಲವತ್ತೊಂಬತ್ತನೆಯ ಇಸವಿ. ಮುಂಬಯಿಯ ಆಚೆ ಒಬ್ಬ ಶೇಠನಿಗೆ ನಾಲ್ಕು ಸಣ್ಣ ವಿಮಾನಗಳಿದ್ದವು. ಅವುಗಳ ದುರಸ್ತಿಯ ಶೆಡ್ಡಿನಲ್ಲಿ ಗ್ಯಾನಪ್ಪ ಬಿಡಿಭಾಗ ಜೋಡಿಸುವವನು. ಜೋಡಿಸಿದ್ದನ್ನು ಪರೀಕ್ಷಿಸಿ ಪುಸ್ತಕದಲ್ಲಿ ಸಹಿ ಹಾಕುವವನು ನಿಜಾಮುದ್ದೀನ. ಇಬ್ಬರೂ ರೋಣ ತಾಲೂಕಿನವರು, ಒಂದೇ ಖೋಲಿಯಲ್ಲಿ ರೊಟ್ಟಿ ಬಡಿದುಕೊಂಡು ಉಣ್ಣುವವರು.

ಆ ದಿನ ಗ್ಯಾನಪ್ಪ ವಿಮಾನದ ಬಾಲದ ರೆಕ್ಕೆಯನ್ನು ಎತ್ತಿ ಇಳಿಸುವ ಸರಳಿಗೆ ಹೊಸ ಬೋಲ್ಟು ಹಾಕಿದ. ಡಬ್ಬಿಯಲ್ಲಿ ಎರಡು ಬಗೆಯವು ಬೆರೆತಿದ್ದವು. ಒಂದು ಇನ್ನೊಂದಕ್ಕಿಂತ ಕೂದಲೆಳೆಯಷ್ಟು ಸಣ್ಣದು.

"ಗೇಜ್ ಹಚ್ಚಿ ನೋಡಿದೇನೋ?" ನಿಜಾಮುದ್ದೀನ ಕೇಳಿದ.

ಗ್ಯಾನಪ್ಪ ಹೆಬ್ಬೆರಳು ತೋರಿಸಿದ. "ನಮ್ಮಪ್ಪ ಇಡೀ ತಾಲೂಕಿನ ಬಂಡಿಗೆ ಇದರಿಂದನ ಅಳತಿ ನೋಡಿ ಕೀಲ ಬಡದಾನ. ಒಂದು ಗಾಲಿ ಕಳಚಿಲ್ಲ."

"ನಿಮ್ಮಪ್ಪನ ಬಂಡಿ ಮೋಡದಾಗ ಹೊಕ್ಕಿತ್ತೇನಲೇ?" ಎಂದು ನಿಜಾಮುದ್ದೀನ ನಕ್ಕ. ನಗುತ್ತಲೇ ಸಹಿ ಹಾಕಿದ. ಬಗ್ಗಿ ನೋಡಲಿಲ್ಲ.

ಹಾಕಿದ್ದು ಸಣ್ಣ ಬೋಲ್ಟು. ನಟ್ಟು ಹಿಡಿದಂತೆ ಕಂಡಿತ್ತು, ಹಿಡಿದಿರಲಿಲ್ಲ. ಮರುದಿನ ಮುಂಜಾನೆ ವಿಮಾನ ಹಾರಿಸುವುದನ್ನು ಕಲಿಯಲು ಬಂದ ಇಬ್ಬರು ಹುಡುಗರು ಅದರ ಸಮೇತ ಗದ್ದೆಯಲ್ಲಿ ಬಿದ್ದು ಸತ್ತರು.

ವಿಚಾರಣೆಯ ದಿನ ಪುಸ್ತಕದಲ್ಲಿದ್ದದ್ದು ಒಂದೇ ಸಹಿ. "ಜೋಡಿಸಿದವರು ಯಾರು?" ಎಂದು ಸಾಹೇಬ ಮೂರು ಸಲ ಕೇಳಿದ. ನಿಜಾಮುದ್ದೀನ ಹೆಸರು ಹೇಳಲಿಲ್ಲ. ಗ್ಯಾನಪ್ಪನತ್ತ ತಿರುಗಿ ಕಾದ. ಗ್ಯಾನಪ್ಪ ನೆಲ ನೋಡಿದ.

ನಿಜಾಮುದ್ದೀನನನ್ನು ಅಂದೇ ಹೊರಹಾಕಿದರು. ತಿಂಗಳೊಳಗೆ ಗ್ಯಾನಪ್ಪನೂ ಕೆಲಸ ಬಿಟ್ಟು ತಂದೆಯ ಕುಲುಮೆಗೆ ಮರಳಿದ. ಆಮೇಲಿನ ಎಂಟು ವರ್ಷ, ಹಾದಿಯಲ್ಲಿ ಹೋಗುವವರನ್ನಾದರೂ ಕರೆದು "ಒಂದೀಟು ನೋಡ್ರಿ" ಎಂದು ತೋರಿಸದೆ ಅವನು ಯಾವ ಬಂಡಿಯನ್ನೂ ಹೊರಗೆ ಬಿಡಲಿಲ್ಲ. ಜನ ಅದನ್ನು ಹುಚ್ಚು ಎಂದರು.

*

ಸೂರ್ಯ ನೆಲ ಮುಟ್ಟುವ ಹೊತ್ತಿಗೆ ಬಂಡಿಜಾಡಿನಲ್ಲಿ ಸೈಕಲ್ಲೊಂದು ಬಂತು. ಇಳಿದವನ ಗಡ್ಡದ ಮೇಲೆಲ್ಲ ಧೂಳು. ಜನ ದಾರಿ ಬಿಟ್ಟರು.

ದೇವವ್ವ ಎದ್ದು ಸೆರಗೊಡ್ಡಿದಳು. "ಅವರು ತಮ್ಮ ತಪ್ಪು ನನ್ನ ಮುಂದ ಹೇಳ್ಯಾರಣ್ಣಾ. ಅಮಾಸಿಗೊಮ್ಮೆ ಚಪ್ಪಲಿ ಮೆಟ್ಟಿ ನಿಮ್ಮೂರ ಬಸ್ಸಿನತನಕ ಹೋಗೋರು. ಬಸ್ಸು ಬಿಟ್ಟ ಮ್ಯಾಲೆ ಹೊಳ್ಳಿ ಬರೋರು."

"ಯಾಕ ಹತ್ತಲಿಲ್ಲಂತ?"

"ನಿಮ್ಮ ಮಾರಿ ನೋಡೂ ಧೈರ್ಯ ಆಗಲಿಲ್ಲಂತ."

ನಿಜಾಮುದ್ದೀನ ಕುಣಿಯೊಳಗೆ ನೋಡಿದ. ಬಹಳ ಹೊತ್ತು ನೋಡಿದ.

"ಅಂವ ಬಾಯಿ ಬಿಡ್ಲಿ ಅಂತ ಎಂಟು ವರ್ಷ ಕುಂತೆ ತಂಗಿ. ನೋಡದನ ಸಹಿ ಹಾಕಿದ ಕೈ ನಂದು. ಆ ಹುಡುಗರ ಪಾಪದಾಗ ನನಗೂ ಪಾಲೈತಿ ಅಂತ ಇವನಿಗೆ ಹೇಳಬೇಕಿತ್ತು. ನನಗರ ಬಸ್ಸೂ ಬೇಕಿರಲಿಲ್ಲ. ಅಂಗಡಿ ತುಂಬ ಸೈಕಲ್ ಇದ್ದುವು."

"ಮಾಫ್ ಮಾಡಿದ್ರೇನಣ್ಣಾ?"

ಅವನು ಮೊಣಕಾಲೂರಿ ಕುಳಿತು, ಗುಡ್ಡೆಯಿಂದ ಒಂದು ಹಿಡಿ ಎರೆಮಣ್ಣು ತೆಗೆದುಕೊಂಡ. ಅಂಗೈಯಲ್ಲಿ ಹರಡಿದ. ಅದರೊಳಗಿನ ಸುಣ್ಣದ ಹರಳುಗಳನ್ನು ಒಂದೊಂದಾಗಿ ಆರಿಸಿ ತೆಗೆದ. ಹುಲ್ಲಿನ ಬೇರೊಂದನ್ನು ತೆಗೆದ. ಉಳಿದ ಹೆಂಟೆಯನ್ನು ಬೆರಳಲ್ಲಿ ಹಿಸುಕಿ ಪುಡಿ ಮಾಡಿದ. ಆಮೇಲೆ ಎದೆ ನೆಲಕ್ಕೆ ತಾಗುವಷ್ಟು ಬಗ್ಗಿ, ಕೈ ಚಾಚಿ, ಸಪ್ಪಳವಾಗದಂತೆ ಬಿಟ್ಟ.

ಎರಡನೆಯ ಹಿಡಿಯೂ ಹಾಗೆಯೇ.

ಪರಶಪ್ಪ ಪಡುವಣಕ್ಕೆ ಕೈ ತೋರಿಸಿ ಏನೋ ಹೇಳಹೋದ. ಈಶಪ್ಪ ಅವನ ರಟ್ಟೆ ಹಿಡಿದು, ತನ್ನ ರುಮಾಲು ತೆಗೆದು ಕಂಕುಳಲ್ಲಿ ಇಟ್ಟುಕೊಂಡ.

ಹೊತ್ತು ಮುಳುಗಿತು. ನಿಜಾಮುದ್ದೀನ ಮೂರನೆಯ ಹಿಡಿಯನ್ನು ಕಣ್ಣಿನ ಹತ್ತಿರ ತಂದುಕೊಂಡು ಇನ್ನೂ ನೋಡುತ್ತಿದ್ದ.