ಎಡಗಡೆಯ ಪರದೆ

"ಅಯ್ಯಯ್ಯೋ, ಇದೇನು ಕಂಪ್ಯೂಟರೋ ಮನೆ ಬಾಗಿಲೋ!" ಎನ್ನುತ್ತ ಅತ್ತೆ ಅಂಗಡಿಯ ನಟ್ಟನಡುವೆ ನಿಂತುಬಿಟ್ಟರು.

ಗೋಡೆಯುದ್ದಕ್ಕೂ ಹೊಳೆಯುತ್ತಿದ್ದ ಪರದೆಗಳ ಸಾಲಿನಲ್ಲಿ ಅದೊಂದು ಮಾತ್ರ ಉಳಿದವಕ್ಕೆಲ್ಲ ದೊಡ್ಡಪ್ಪನ ಹಾಗೆ ಮೆರೆಯುತ್ತಿತ್ತು. ಸೊಸೆ ಮನೆಯಿಂದ ಪೆನ್‌ಡ್ರೈವ್‌ನಲ್ಲಿ ತಂದಿದ್ದ ಮಕ್ಕಳ ಪುಸ್ತಕದ ಚಿತ್ರವನ್ನು ಅಂಗಡಿಯವನು ಅದರಲ್ಲಿ ತೆರೆದ. ಎಡಪುಟದಲ್ಲಿ ತಿಮಿಂಗಿಲದ ತಲೆ, ಬಲಪುಟದಲ್ಲಿ ಬಾಲ, ನಡುವೆ ಎಲ್ಲೂ ತುಂಡಾಗದ ನೀಲಿ ಮೈ. ಮನೆಯ ಸಣ್ಣ ಪರದೆಯಲ್ಲಿ ತಲೆ ನೋಡಿದರೆ ಬಾಲವಿಲ್ಲ, ಬಾಲ ನೋಡಿದರೆ ತಲೆಯಿಲ್ಲ. ತಿಂಗಳುಗಟ್ಟಲೆ ಕೂತು ಕಟ್ಟಿದ್ದ ತಿಮಿಂಗಿಲವನ್ನು ಇಬ್ಬರೂ ಇಡಿಯಾಗಿ ನೋಡಿದ್ದು ಅವತ್ತೇ ಮೊದಲು.

"ಅತ್ತೆ, ನಮ್ಮದೇ ತಿಮಿಂಗಿಲ!" ಎಂದು ಸೊಸೆ ಅವರ ತೋಳು ಹಿಡಿದು ಕುಲುಕಿದಳು.

"ಕಾಣ್ತಿದೆ ಕಣೇ, ನಿಧಾನ! ನನ್ನ ಕೈಯಾದ್ರೂ ಉಳಿಸು," ಎಂದರು ಅತ್ತೆ. ಅವರಿಗೂ ಕುಣಿಯುವಷ್ಟು ಖುಷಿಯಾಗಿತ್ತು, ಆದರೆ ಅದನ್ನು ಅಂಗಡಿಯವನ ಮುಂದೆ ತೋರಿಸಿಕೊಳ್ಳುವವರ ಪೈಕಿ ಅವರಲ್ಲ.

ಸೊಸೆ ಮನೆಯಲ್ಲೇ ಕುಳಿತು ಪ್ರಕಾಶಕರಿಗೆ ಕಂಪ್ಯೂಟರಿನಲ್ಲಿ ಪುಸ್ತಕದ ಅಕ್ಷರ, ಚಿತ್ರ ಜೋಡಿಸಿ ಪುಟ ಕಟ್ಟಿಕೊಡುವವಳು. ಅತ್ತೆ ಮುದ್ರಣಾಲಯದಲ್ಲಿ ಕರಡು ತಿದ್ದಿ ನಿವೃತ್ತರಾದವರು. ನಿವೃತ್ತಿ ಅನ್ನುವುದು ಕಾಗದದ ಮೇಲೆ ಅಷ್ಟೇ. ಮರುದಿನವೇ ಸೊಸೆಯ ಮೇಜಿನ ಪಕ್ಕಕ್ಕೆ ಬೆತ್ತದ ಕುರ್ಚಿ ಎಳೆದುಕೊಂಡು ಕೂತರು, ಅಲ್ಲಿಂದ ಏಳಲೇ ಇಲ್ಲ. ಲೇಖಕರ ಪ್ರತಿಯನ್ನು ಕೈಯಲ್ಲಿ ಹಿಡಿದು, ಚಿಹ್ನೆಗಳನ್ನೂ ಬಿಡದೆ ಗಟ್ಟಿಯಾಗಿ ಓದುವುದು ಅವರ ಕೆಲಸ. ಪರದೆಯ ಮೇಲಿನ ಪುಟದಲ್ಲಿ ಅದನ್ನು ತಾಳೆ ನೋಡಿ "ಹೂಂ" ಎನ್ನುವುದು ಸೊಸೆಯ ಕೆಲಸ. ಹೂಂ ಬರದೆ ಅತ್ತೆ ಮುಂದಿನ ಸಾಲಿಗೆ ಹೋದದ್ದೇ ಇಲ್ಲ.

ಈ ಚಾಳಿ ಮೇಜು ಬಿಟ್ಟು ಮನೆಯೆಲ್ಲ ಹಬ್ಬಿತ್ತು. "ಊಟಕ್ಕೆ ಬಾರೋ ಅಲ್ಪವಿರಾಮ ಎಲ್ಲಾ ತಣ್ಣಗಾಗ್ತಿದೆ ಆಶ್ಚರ್ಯಸೂಚಕ" ಎಂದು ಅತ್ತೆ ಮಗನನ್ನು ಕರೆಯುವರು. "ಈ ಮನೇಲಿ ಬೈಸಿಕೊಳ್ಳೋದಾದ್ರೂ ವ್ಯಾಕರಣ ಶುದ್ಧ," ಎಂದು ಗೊಣಗುತ್ತ ಅವನು ಬಂದು ಕೂರುವನು.

ಈಗ ಹಳೆಯ ಕಂಪ್ಯೂಟರಿಗೆ ಏದುಸಿರು ಬಂದಿತ್ತು. ಸಾಲದ್ದಕ್ಕೆ ಪ್ರಕಾಶಕರು ಹೊಸ ತಂತ್ರಾಂಶಕ್ಕೆ ಹೋಗಿದ್ದರು, ಅದು ಇವರ ಯಂತ್ರದಲ್ಲಿ ಓಡುವುದೇ ಇಲ್ಲ. ಬೇರೆ ಕಂಪನಿಯ ಕಂಪ್ಯೂಟರು, ಬೇರೆ ವ್ಯವಸ್ಥೆ, ಎಲ್ಲವನ್ನೂ ಮೊದಲಿಂದ ಕಲಿಯಬೇಕು. ಹೆದರಬೇಕಾದ ಸೊಸೆ ವಾರದಿಂದ ನೆಲದ ಮೇಲೆ ಕಾಲೇ ಊರಿರಲಿಲ್ಲ. ಯಂತ್ರ ಯಾವುದೆಂದು ಇಬ್ಬರೂ ಆಗಲೇ ತೀರ್ಮಾನ ಮಾಡಿ ಆಗಿತ್ತು. ಉಳಿದದ್ದು ಒಂದೇ ಪ್ರಶ್ನೆ: ಈ ದೊಡ್ಡಪ್ಪನಂಥ ಪರದೆ ಒಂದೋ, ಅದೇ ದುಡ್ಡಿಗೆ ಸಾಧಾರಣ ಅಳತೆಯವು ಎರಡೋ?

"ಪುಟ ಕಟ್ಟೋರು ಈಗೆಲ್ಲ ಎರಡೇ ತಗೊಳ್ಳೋದು ಮೇಡಂ," ಎಂದ ಅಂಗಡಿಯವನು. "ಎಡಗಡೆ ಲೇಖಕರ ಪ್ರತಿ, ಬಲಗಡೆ ನಿಮ್ಮ ಪುಟ. ಒಬ್ಬರೇ ಕೂತು ಎರಡನ್ನೂ ನೋಡ್ಕೊಂಡು ಹೋಗ್ತಾ ಇರಬಹುದು. ಇನ್ನೊಬ್ಬರು ಪಕ್ಕದಲ್ಲಿ ಕೂತು ಓದಿ ಹೇಳೋ ಗೋಜೇ ಇಲ್ಲ."

ಅತ್ತೆ ಅಂಗಡಿಯವನ ಮುಖವನ್ನೇ ನೋಡಿದರು. ಅವನು ಹೇಳಿದ ಆ ಇನ್ನೊಬ್ಬರು ಕೈಚೀಲ ಹಿಡಿದುಕೊಂಡು ಅವನೆದುರೇ ನಿಂತಿದ್ದರು. ಕುರ್ಚಿ ಹೋದರೆ ಹೋಗಲಿ. ಬೆಳಗ್ಗೆ ಎದ್ದು ಸ್ನಾನ ಮಾಡಿ, ಕನ್ನಡಕ ಒರೆಸಿಕೊಂಡು, "ಶುರು ಮಾಡೋಣವೇನೇ?" ಎಂದು ಕೇಳುವುದೇ ಇಲ್ಲದಿದ್ದರೆ ತಾನು ಆ ಮನೆಯಲ್ಲಿ ಮಾಡುವುದಾದರೂ ಏನು?

"ಎರಡು!" ಎಂದಳು ಸೊಸೆ, ಕಣ್ಣರಳಿಸಿ. ಆಗಲೇ ಗೇಣು ಹಾಕಿ ಅಳೆಯುತ್ತಿದ್ದಳು. "ಇದನ್ನ ಉದ್ದಕ್ಕೆ ನಿಲ್ಲಿಸೋಕೆ ಬರುತ್ತಾ? ಅಕ್ಷರ ಎಷ್ಟು ದಪ್ಪ ಮಾಡಬಹುದು? ಆ ಪಕ್ಕಕ್ಕೆ ತಿರುಗುತ್ತಾ?"

ಅತ್ತೆಗೆ ಒಂದೂ ಕೇಳಿಸಲಿಲ್ಲ. ಅವರು ಸೆರಗು ಬಿಗಿದು ದೊಡ್ಡಪ್ಪನ ಪಕ್ಷ ವಹಿಸಿದರು. "ಎರಡಾದ್ರೆ ಅತ್ತ ಇತ್ತ ನೋಡಿ ನೋಡಿ ನಿನ್ನ ಕತ್ತು ಉಳುಕುತ್ತೆ ಕಣೇ. ಧೂಳು ಒರೆಸೋದೂ ಎರಡೆರಡು ಸಲ. ಮೇಜಿನ ಮೇಲೆ ಒಂದು ಲೋಟ ಇಡೋಕೂ ಜಾಗ ಇರಲ್ಲ. ಎಲ್ಲಾ ಬಿಡು, ಈ ತಿಮಿಂಗಿಲದ ಹೊಟ್ಟೆ ಸರಿಯಾಗಿ ಮಧ್ಯಕ್ಕೇ ಸೀಳಿಹೋಗಲ್ವಾ?"

"ತಿಮಿಂಗಿಲಕ್ಕೇನೂ ಆಗಲ್ಲ ಅತ್ತೆ. ಎರಡು ಪುಟಾನೂ ಬಲಗಡೇದ್ರಲ್ಲೇ ಹಿಡಿಸುತ್ತೆ, ಸ್ವಲ್ಪ ಚಿಕ್ಕದಾಗುತ್ತೆ ಅಷ್ಟೇ." ಸೊಸೆ ನಕ್ಕಳು. ಆಮೇಲೆ ನಗು ತಡೆದು, "ಆದ್ರೂ ನೀವು ಹೇಳಿದ್ದೇ ಕೊನೆ. ನಿಮಗೆ ಬೇಡ ಅಂದ್ರೆ ದೊಡ್ಡದೇ ಇರಲಿ," ಎಂದಳು.

ಅಲ್ಲಿಗೆ ತಕ್ಕಡಿ ಅತ್ತೆಯ ಕೈಗೆ ಬಂತು. ಒಂದು ಮಾತು ಸಾಕಿತ್ತು. ಅವರು ಸೊಸೆಯ ಮುಖ ನೋಡಿದರು. ಮದುವೆಯಾಗಿ ಬಂದ ವರ್ಷ, ತಾನು ಕಟ್ಟಿದ ಮೊದಲ ಪುಸ್ತಕ ಅಚ್ಚಾಗಿ ಬಂದಾಗ, ಹಾಳೆಗೆ ಮೂಗಿಟ್ಟು ವಾಸನೆ ನೋಡಿದ್ದಳಲ್ಲ, ಅದೇ ಮುಖ. ಆ ಮುಖಕ್ಕೆ ಬೇಡ ಅನ್ನುವ ಕಲ್ಲುಮನಸ್ಸು ಅವರಿಗೆ ಎಲ್ಲಿಂದ ಬರಬೇಕು?

"ಎರಡೇ ತಗೋ," ಎಂದರು. "ನನಗೇನು ಗೊತ್ತಾಗುತ್ತೆ ಇದೆಲ್ಲ."

ಸೊಸೆ ಅಂಗಡಿಯಲ್ಲೇ ಅವರನ್ನು ತಬ್ಬಿಕೊಂಡು ಒಂದು ಸುತ್ತು ತಿರುಗಿಸಿಬಿಟ್ಟಳು. ಅಂಗಡಿಯವನು ಪೆಟ್ಟಿಗೆಗಳನ್ನು ಹಿಂದಕ್ಕೆ ಸರಿಸಿಕೊಂಡ.

ಮನೆಯಲ್ಲಿ ಮಗ ಪೆಟ್ಟಿಗೆ ಹೊತ್ತು ಮೆಟ್ಟಿಲು ಹತ್ತುವಷ್ಟರಲ್ಲಿ ಸುಸ್ತಾಗಿ ಸೋಫಾ ಹಿಡಿದ. ಸೊಸೆಗೆ ಮಾತ್ರ ಎಲ್ಲಿಲ್ಲದ ಹುರುಪು. ತಂತಿಗಳನ್ನು ಬಿಡಿಸಿ, ಮೇಜು ಒರೆಸಿ, ಯಂತ್ರದ ಗುಂಡಿ ಒತ್ತಿದಳು. ಪರದೆಗಳು ಒಂದರ ಹಿಂದೊಂದು ಬೆಳಗಿದಾಗ ಅತ್ತೆಯೂ ಬೇಸರ ಮರೆತು ಚಪ್ಪಾಳೆ ತಟ್ಟಿದರು. ಮುಂದಿನದು ಮನೆಯವರಿಗೆಲ್ಲ ಒಳ್ಳೆ ತಮಾಷೆ. ತೆರೆದ ಕಡತ ಮುಚ್ಚುವ ಗುಂಡಿ ಪರದೆಯ ಬಲಗಡೆ ಮೂಲೆಯಿಂದ ಎಡಗಡೆಗೆ ಹೋಗಿ ಕೂತಿತ್ತು. ಪುಟ ಮೇಲೆ ಸರಿಸಿದರೆ ಕೆಳಗೆ ಹೋಗುತ್ತಿತ್ತು. "ಅಯ್ಯೋ, ಇದು ನನ್ನ ಮಾತೇ ಕೇಳಲ್ಲ!" ಎಂದು ಸೊಸೆ ಕಿರುಚುವುದು, ಮರುಕ್ಷಣವೇ "ಬಂತು, ಬಂತು!" ಎಂದು ಕುಣಿಯುವುದು. ಹಳೆಯ ಪುಸ್ತಕವೊಂದನ್ನು ತೆರೆದಾಗ ಮಾತ್ರ ಅಕ್ಷರಗಳೆಲ್ಲ ದಿಕ್ಕಾಪಾಲಾಗಿ, ಒತ್ತುಗಳು ಎಲ್ಲೆಲ್ಲೋ ಬಿದ್ದಿದ್ದವು. "ಪರವಾಗಿಲ್ಲ, ಸರಿಮಾಡೋಣ," ಎಂದಳು, ಸ್ವಲ್ಪವೂ ಕುಂದದೆ.

ಆಗ ಅತ್ತೆಯ ಕಣ್ಣು ಮೇಜಿನ ಬಲಪಕ್ಕಕ್ಕೆ ಹೋಯಿತು. ಬೆತ್ತದ ಕುರ್ಚಿ ಅಲ್ಲಿರಲಿಲ್ಲ. ಅದರ ಕಾಲುಗಳು ಒತ್ತಿ ಒತ್ತಿ ನೆಲದಲ್ಲಿ ಮೂಡಿದ್ದ ಗುರುತು ಮಾತ್ರ ಇತ್ತು, ಅದರ ಮೇಲೆ ಖಾಲಿ ಪೆಟ್ಟಿಗೆಗಳನ್ನು ಒಟ್ಟಿದ್ದರು.

ಅವರು ಹಿತ್ತಿಲ ಕಡೆ ಬಂದು ಒಣಗಿದ ಬಟ್ಟೆ ಮಡಚತೊಡಗಿದರು. ಅಳು ಬರುತ್ತಿತ್ತು. ಅದಕ್ಕಿಂತ ಹೆಚ್ಚಾಗಿ ತಮ್ಮ ಮೇಲೇ ಸಿಟ್ಟು ಬರುತ್ತಿತ್ತು. ಎಂಥಾ ಸಂತೋಷದ ದಿನ, ಹುಡುಗಿ ಅಷ್ಟು ಕುಣಿಯುತ್ತಿದ್ದಾಳೆ, ತಾನು ಇಲ್ಲಿ ದಿಂಬಿನ ಚೀಲ ಹಿಡಿದುಕೊಂಡು ಮೂಗೆಳೆಯುವುದೇ? ಕೆಲಸ ಬೇಗ ಮುಗಿದರೆ ಅವಳಿಗೇ ಒಳ್ಳೆಯದಲ್ಲವೇ. ಹೀಗೆಲ್ಲ ತಮಗೆ ತಾವೇ ಬುದ್ಧಿ ಹೇಳಿಕೊಂಡರು. ಬುದ್ಧಿ ನಾಟಲಿಲ್ಲ. ಒಂದೇ ದಿಂಬಿನ ಚೀಲವನ್ನು ಮೂರು ಸಲ ಮಡಚಿ ಬಿಚ್ಚಿದರು.

"ಹೂಂ," ಎಂದಿತು ಒಳಗಿಂದ ಸೊಸೆಯ ದನಿ.

ಅತ್ತೆ ಕಿವಿಗೊಟ್ಟರು. ಯಾರೂ ಓದುತ್ತಿರಲಿಲ್ಲ. ಅಭ್ಯಾಸಬಲ, ಪಾಪ, ಒಬ್ಬಳೇ ಕೂತು ಹೂಂಗುಟ್ಟುತ್ತಿದ್ದಾಳೆ ಎಂದುಕೊಂಡರು.

"ಹೂಂ?"

ಈ ಸಲದ ದನಿ ಬೇರೆ. ಅತ್ತೆ ಕಾಗದದಲ್ಲಿ ಸಾಲು ತಪ್ಪಿ ತಡಕಾಡುವಾಗ, ಎಲ್ಲಿ ನಿಂತಿರಿ ಎಂದು ಕೇಳುವ ಹೂಂ ಅದು. ಅತ್ತೆ ಬಟ್ಟೆ ಬಿಟ್ಟು ಒಳಗೆ ಬಂದರು.

ಬಲಗಡೆಯ ಪರದೆಯ ಮುಂದೆ ಸೊಸೆ ಕೂತಿದ್ದಳು. ಎಡಗಡೆಯ ಪರದೆಯನ್ನು ಉದ್ದಕ್ಕೆ ನಿಲ್ಲಿಸಿ, ಅವಳಿಂದ ಆಚೆಗೆ ತಿರುಗಿಸಲಾಗಿತ್ತು. ಅದರೆದುರಿಗೆ ಬೆತ್ತದ ಕುರ್ಚಿ, ಕುರ್ಚಿಯ ಮೇಲೆ ಅವರದೇ ಹಳೆಯ ದಿಂಬು. ಪರದೆಯ ತುಂಬ ಲೇಖಕರ ಪ್ರತಿ, ಒಂದೊಂದು ಅಕ್ಷರವೂ ಹೆಬ್ಬೆರಳಿನಷ್ಟು ದಪ್ಪ.

"ಎಲ್ಲಿ ಹೋಗಿದ್ರಿ ಅತ್ತೆ? ಎಷ್ಟೊತ್ತಿಂದ ಹೂಂ ಅಂತಿದ್ದೀನಿ, ಓದೋರೇ ಇಲ್ಲ!"

"ಅಂಗಡಿಯವನು ಹೇಳಿದ್ನಲ್ಲೇ, ಒಬ್ಬರೇ ಕೂತು ನೋಡ್ಕೋಬಹುದು ಅಂತ."

"ಅವನಿಗೇನು ಗೊತ್ತು ನಮ್ಮ ಕೆಲಸ?" ಸೊಸೆ ಮೂಗು ಮುರಿದಳು. "ನೀವು ಕಾಗದಾನ ಕಣ್ಣಿಗೆ ಒತ್ತಿಕೊಂಡು ಓದೋದನ್ನ ನೋಡಿ ನೋಡಿ ನನಗೆ ಸಾಕಾಗಿತ್ತು. ಇದು ನಿಮಗೆ ಅಂತಾನೇ ತಾನೇ ಎರಡು ಬೇಕು ಅಂದಿದ್ದು? ಹೇಳ್ಲಿಲ್ವಾ?"

"ಹೇಳ್ಲಿಲ್ಲ ಕಣೇ."

"ಅಯ್ಯೋ ದೇವರೇ! ಖುಷೀಲಿ ಹೇಳಿದೀನಿ ಅಂತಾನೇ ಅಂದ್ಕೊಂಡಿದ್ದೆ." ಸೊಸೆ ಹಣೆ ಚಚ್ಚಿಕೊಂಡಳು. "ಹಳೇ ಪುಸ್ತಕಗಳ ಅಕ್ಷರ ಎಲ್ಲಾ ಒಡೆದು ಬಂದಿದೆ ಅತ್ತೆ. ಒಂದೂ ಬಿಡದೆ ಮೊದಲಿಂದ ಓದ್ಬೇಕು. ತಿಮಿಂಗಿಲದಿಂದಲೇ ಶುರು ಮಾಡೋಣ, ಬನ್ನಿ ಬನ್ನಿ."

ಅತ್ತೆ ಕುರ್ಚಿಯಲ್ಲಿ ಕೂತರು. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. ಹಾಕಿಕೊಂಡರು, ಮತ್ತೆ ತೆಗೆದು ಒರೆಸಿದರು. ಸೊಸೆ ತನ್ನ ಪರದೆಯಿಂದ ಕಣ್ಣು ಕೀಳಲಿಲ್ಲ.

"ತಿಮಿಂಗಿಲವು ಮೀನಲ್ಲ," ಎಂದು ಅತ್ತೆ ಓದಿದರು. ಅಲ್ಲಿಗೇ ನಿಂತರು. ಎದುರಿನ ದಪ್ಪ ಅಕ್ಷರಗಳು ನೀರಿನಲ್ಲಿದ್ದ ಹಾಗೆ ಅಲುಗಾಡಿದವು. ಸೊಸೆ ಮೌಸಿನ ಮೇಲೆ ಕೈಯಿಟ್ಟುಕೊಂಡು ಕಾಯುತ್ತಿದ್ದಳು.

"ಅಲ್ಪವಿರಾಮ," ಎಂದರು ಅತ್ತೆ, ಕೊನೆಗೆ.

"ಹೂಂ."